ಸುಡಾನ್ ಯುದ್ಧವನ್ನು ‘ಇಬ್ಬರು ಜನರಲ್‌ಗಳ ಜಗಳ’ ಎಂದು ಕರೆದರೆ ಸಾಕೇ?

ಹುಣಸೂರು ರಸ್ತೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. 2023ರ ಏಪ್ರಿಲ್‌ನಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿ ಜನರು ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ ಸುದ್ದಿ ನಿಮಗೆ ನೆನಪಿರಬಹುದು. ಅವರಲ್ಲಿ ಹಲವರು ನಮ್ಮ ಹುಣಸೂರು ತಾಲ್ಲೂಕಿನವರು, ಉಳಿದವರು ಶಿವಮೊಗ್ಗ ಮತ್ತು ಚನ್ನಗಿರಿ ಕಡೆಯವರು. ಕೂದಲಿನ ಎಣ್ಣೆ, ಗಿಡಮೂಲಿಕೆ ಔಷಧಿ ಮಾರುತ್ತಾ ಅವರು ತಲುಪಿದ್ದ ಊರಿನ ಹೆಸರು ಎಲ್ ಫಶೇರ್, ಪಶ್ಚಿಮ ಸುಡಾನಿನ ದಾರ್ಫುರ್ ಸೀಮೆಯದು. ಊಟ, ನೀರು ಇಲ್ಲದೆ ಬಾಡಿಗೆ ಮನೆಯೊಳಗೆ ದಿನ ದೂಡಿ, ಕೊನೆಗೆ ಕೇಂದ್ರ ಸರ್ಕಾರದ ‘ಆಪರೇಷನ್ ಕಾವೇರಿ’ಯ ದಿನಗಳಲ್ಲಿ ಅವರೆಲ್ಲ ಊರಿಗೆ ಬಂದರು. ಅಂದು ಆ ಊರಿನ ಹೆಸರನ್ನು ಮೊದಲ ಬಾರಿಗೆ ಕೇಳಿದ ನಾನು, 2025ರ ಅಕ್ಟೋಬರ್ ಕೊನೆಯಲ್ಲಿ, ಒಂದೂವರೆ ವರ್ಷದ ಮುತ್ತಿಗೆಯ ನಂತರ ಅದೇ ಎಲ್ ಫಶೇರ್ ಅರೆಸೇನಾ ಪಡೆಯ ಕೈವಶವಾಯಿತೆಂಬ ಸುದ್ದಿಯನ್ನೂ, ಅಲ್ಲಿ ನಡೆದ ಸಾಮೂಹಿಕ ಹತ್ಯೆಗಳ ವರದಿಗಳನ್ನೂ ಓದಿದೆ.

ಎರಡು ಸಲವೂ ಪತ್ರಿಕೆಗಳು ಕೊಟ್ಟ ವಿವರಣೆ ಒಂದೇ ಆಗಿತ್ತು: ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಆ ಅರೆಸೇನಾ ಪಡೆಯ, ಅಂದರೆ ಕ್ಷಿಪ್ರ ಬೆಂಬಲ ಪಡೆಯ, ಮುಖ್ಯಸ್ಥ ಹೆಮೆತಿ ನಡುವಿನ ಅಧಿಕಾರದ ಕಿತ್ತಾಟ. ಇಬ್ಬರು ಜಗಳವಾಡಿದ್ದಕ್ಕೆ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡುವಂತಾಯಿತು ಎಂಬುದು ನನಗೆ ಅರ್ಥವಾಗುತ್ತಿಲ್ಲ. ಇದರ ಹಿಂದಿನ ರಾಜಕೀಯ ಚರಿತ್ರೆಯನ್ನು ಓದಿಕೊಂಡವರು ಯಾರಾದರೂ ಇದ್ದರೆ, ಎಲ್ಲಿಂದ ಆರಂಭಿಸಬೇಕು ಎಂಬುದನ್ನಾದರೂ ತಿಳಿಸಿಕೊಡಿ.

ನೇರಮಾತು

ಇತಿಹಾಸಕ್ಕೆ ಅಷ್ಟು ದೂರ ಹೋಗುವ ಅಗತ್ಯವಿದೆಯೆಂದು ನನಗೆ ಅನ್ನಿಸುವುದಿಲ್ಲ. ದಾರ್ಫುರ್‌ನಲ್ಲಿ ಚಿನ್ನವಿದೆ, ಚಿನ್ನವನ್ನು ಕೊಳ್ಳಲು ದುಬೈನಲ್ಲಿ ಮಾರುಕಟ್ಟೆಯಿದೆ, ಹಣ ಬಂದ ಕಡೆ ಬಂದೂಕು ಬರುತ್ತದೆ. ಅರೆಸೇನಾ ಪಡೆಗೆ ಸಂಯುಕ್ತ ಅರಬ್ ಎಮಿರೇಟ್ಸ್ ಶಸ್ತ್ರ ಒದಗಿಸುತ್ತಿದೆ ಎಂಬ ಆರೋಪವಿದೆ; ಆ ದೇಶ ಅದನ್ನು ನಿರಾಕರಿಸುತ್ತಲೇ ಬಂದಿದೆ. ಸೇನೆಯ ಬೆನ್ನಿಗೆ ಈಜಿಪ್ಟ್ ನಿಂತಿದೆ. ಇವತ್ತಿನ ಹಿತಾಸಕ್ತಿಗಳ ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ, ಹತ್ತೊಂಬತ್ತನೆಯ ಶತಮಾನದ ಸುಲ್ತಾನರ ಕಥೆ ಓದಿ ನಮಗೆ ಹೊಸದಾಗಿ ಏನು ತಿಳಿಯುತ್ತದೆ?

ಇತಿಹಾಸದ ಮೇಷ್ಟ್ರು

‘ನೇರಮಾತು’ ಅವರು ಚಿನ್ನದ ಬಗ್ಗೆ ಹೇಳಿದ್ದು ಸರಿ. ಆದರೆ ಅದೇ ಚಿನ್ನದ ಗಣಿ ಹೆಮೆತಿ ಎಂಬ ಒಬ್ಬ ಒಂಟೆ ವ್ಯಾಪಾರಿಯ ಕೈಗೆ ಹೇಗೆ ಬಂತು, ಅವನಿಗೆ ಸ್ವಂತ ಸೇನೆ ಕಟ್ಟಿಕೊಳ್ಳಲು ಒಂದು ಸರ್ಕಾರವೇ ಏಕೆ ಕಾನೂನು ಮಾಡಿಕೊಟ್ಟಿತು ಎಂಬ ಪ್ರಶ್ನೆಗೆ ಮಾರುಕಟ್ಟೆಯ ದರಪಟ್ಟಿಯಲ್ಲಿ ಉತ್ತರವಿಲ್ಲ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ನನ್ನ ಓದಿನಿಂದ ನಾನು ತಲುಪಿರುವ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನೈಲ್ ನದಿಯ ದಂಡೆಯಲ್ಲಿ ಕುಳಿತ ಖಾರ್ತೂಮ್‌ನ ಸರ್ಕಾರಗಳು, ಅವು ಯಾರದೇ ಆಗಿರಲಿ, ದೂರದ ಪ್ರಾಂತ್ಯಗಳನ್ನು ಆಳುವ ಖರ್ಚನ್ನು ತಾವು ಭರಿಸದೆ ಅಲ್ಲಿಯ ಒಂದು ಗುಂಪಿಗೆ ಬಂದೂಕು ಕೊಟ್ಟು ಇನ್ನೊಂದು ಗುಂಪಿನ ಮೇಲೆ ಬಿಡುವುದನ್ನು ರೂಢಿ ಮಾಡಿಕೊಂಡವು. 2023ರಲ್ಲಿ ಆದದ್ದು ಇಷ್ಟೇ: ಹಾಗೆ ಬಿಟ್ಟ ಪಡೆ ತಿರುಗಿ ರಾಜಧಾನಿಗೇ ಬಂದಿತು.

ಖಾರ್ತೂಮ್ ಎಂಬ ಊರೇ ಹುಟ್ಟಿದ್ದು ಸೈನ್ಯದ ಬಿಡಾರವಾಗಿ. ಈಜಿಪ್ಟಿನ ಮುಹಮ್ಮದ್ ಅಲಿ 1820–21ರಲ್ಲಿ ದಕ್ಷಿಣಕ್ಕೆ ದಂಡು ಕಳುಹಿಸಿದ್ದು ಚಿನ್ನಕ್ಕಾಗಿ ಮತ್ತು ತನ್ನ ಸೇನೆಗೆ ಬೇಕಾದ ಗುಲಾಮರಿಗಾಗಿ. ಸುಡಾನ್ ಜನ ಇಂದಿಗೂ ‘ತುರ್ಕಿಯ್ಯಾ’ ಎಂದು ಕರೆಯುವ ಆ ಅರವತ್ತು ವರ್ಷಗಳಲ್ಲಿ ನದಿಯ ದಂಡೆಯ ವ್ಯಾಪಾರಿಗಳು ದಕ್ಷಿಣ ಮತ್ತು ಪಶ್ಚಿಮಕ್ಕೆ ಸ್ವಂತ ಪಡೆಗಳೊಂದಿಗೆ ಹೋಗಿ ಜನರನ್ನು ಹಿಡಿದು ತಂದರು. ತೆರಿಗೆ ಎಂದರೆ ಸುಲಿಗೆ ಎಂಬಂತಿದ್ದ ಆ ಆಳ್ವಿಕೆಯ ವಿರುದ್ಧ 1881ರಲ್ಲಿ ಮುಹಮ್ಮದ್ ಅಹ್ಮದ್ ತನ್ನನ್ನು ಮಹ್ದಿ, ಅಂದರೆ ಲೋಕವನ್ನು ಸರಿದಾರಿಗೆ ತರಲು ಬಂದ ಧರ್ಮನಾಯಕ, ಎಂದು ಘೋಷಿಸಿಕೊಂಡು ದಂಗೆಯೆದ್ದ. 1885ರ ಜನವರಿಯಲ್ಲಿ ಖಾರ್ತೂಮ್ ಬಿತ್ತು, ಅದನ್ನು ಕಾಯುತ್ತಿದ್ದ ಬ್ರಿಟಿಷ್ ಜನರಲ್ ಗಾರ್ಡನ್ ಸತ್ತ. ಕೆಲವೇ ತಿಂಗಳಲ್ಲಿ ಮಹ್ದಿಯೂ ತೀರಿಕೊಂಡಾಗ ಗದ್ದುಗೆಗೆ ಬಂದವನು ಖಲೀಫಾ ಅಬ್ದುಲ್ಲಾಹಿ. ಆತ ದಾರ್ಫುರ್ ಕಡೆಯ, ದನಗಾಹಿ ಬಕ್ಕಾರ ಕುಲದವನು. ನದಿ ದಂಡೆಯ ಜನರನ್ನು ನಂಬಲಾರದೆ ಆತ ತನ್ನ ಕುಲದವರನ್ನು ಸಾವಿರಾರು ಸಂಖ್ಯೆಯಲ್ಲಿ ಖಾರ್ತೂಮ್‌ನ ಎದುರು ದಂಡೆಯ ತನ್ನ ರಾಜಧಾನಿ ಓಮ್‌ದುರ್ಮಾನ್‌ಗೆ ಕರೆಸಿಕೊಂಡ. ಬಂದವರಿಗೆ ಉಣ್ಣಿಸುವ ಭಾರ ದಂಡೆಯ ರೈತರ ಮೇಲೆ ಬಿತ್ತು. ಅದೇ ಹೊತ್ತಿಗೆ ಬಂದ 1889ರ ಬರಗಾಲವನ್ನು, ಹಿಜರಿ 1306ರ ಲೆಕ್ಕದಲ್ಲಿ, ‘ಆರನೆಯ ವರ್ಷ’ ಎಂದು ಅಲ್ಲಿಯ ಜನ ನೆನೆಯುತ್ತಾರೆ. ‘ನೆಲದ ಮಕ್ಕಳು’ ಮತ್ತು ‘ಪಶ್ಚಿಮದ ಮಕ್ಕಳು’ ಎಂಬ ಒಡಕು ಆಗಲೇ ಬೇರೂರಿತ್ತು. 2023ರಲ್ಲಿ ಪಶ್ಚಿಮದ ಪಡೆಯ ಯುವಕರು ಖಾರ್ತೂಮ್‌ನ ಮನೆಗಳಿಗೆ ನುಗ್ಗಿ ಅಲ್ಲಿಯೇ ಬೀಡುಬಿಟ್ಟಾಗ ನಗರದ ಜನರ ನಾಲಿಗೆಯ ಮೇಲೆ ಖಲೀಫಾನ ಕಾಲ ಮತ್ತೆ ಬಂದದ್ದು ಇದೇ ಕಾರಣಕ್ಕೆ. ಆ ಹೋಲಿಕೆ ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ ಎಂಬುದನ್ನೂ ಇಲ್ಲಿ ಸೇರಿಸಬೇಕು. ಪಶ್ಚಿಮದಿಂದ ಬಂದ ಪ್ರತಿಯೊಬ್ಬ ಕೂಲಿಯನ್ನೂ ಶತ್ರುವೆಂದು ಕಾಣಲು ಅದು ನೆಪವಾಗುತ್ತದೆ.

1898ರ ಸೆಪ್ಟೆಂಬರ್ 2ರಂದು ಓಮ್‌ದುರ್ಮಾನ್ ಬಳಿಯ ಕರರಿ ಬಯಲಿನಲ್ಲಿ ಬ್ರಿಟಿಷ್ ಸೇನಾಧಿಪತಿ ಕಿಚನರನ ಯಂತ್ರಬಂದೂಕುಗಳು ಒಂದೇ ಬೆಳಗಿನಲ್ಲಿ ಹತ್ತು ಸಾವಿರದಷ್ಟು ಸುಡಾನಿಗಳನ್ನು ಕೊಂದವು. ಎದುರಿನ ಪಡೆಯಲ್ಲಿ ಸತ್ತವರು ಐವತ್ತನ್ನೂ ಮುಟ್ಟಲಿಲ್ಲ. ಮರುವರ್ಷ ಬ್ರಿಟನ್ ಮತ್ತು ಈಜಿಪ್ಟಿನ ಜಂಟಿ ಆಳ್ವಿಕೆ ಎಂಬ ವಿಚಿತ್ರ ಏರ್ಪಾಡು ಬಂತು. ಜಂಟಿ ಎಂಬುದು ಹೆಸರಿಗೆ ಮಾತ್ರ, ಗವರ್ನರ್ ಜನರಲ್‌ಗಳೆಲ್ಲ ಬ್ರಿಟಿಷರೇ ಆಗಿದ್ದರು. ಇಲ್ಲಿ ಗಮನಿಸಬೇಕಾದದ್ದು ಅವರು ಹಣವನ್ನು ಎಲ್ಲಿ ಸುರಿದರು ಎಂಬುದನ್ನು. ಖಾರ್ತೂಮ್‌ನಲ್ಲಿ ಗಾರ್ಡನ್ ಕಾಲೇಜು, ಅತ್ಬರಾದಲ್ಲಿ ರೈಲ್ವೆ, 1925ರಲ್ಲಿ ಸೆನ್ನಾರ್ ಅಣೆಕಟ್ಟು, ಅದರ ಕೆಳಗೆ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಬೆಳೆಯುವ ಗೆಜಿರಾ ಯೋಜನೆ. ಮುಂದೆ ವಿಸ್ತಾರವಾಗಿ ಸುಮಾರು 20 ಲಕ್ಷ ಎಕರೆಗೆ ಬೆಳೆದ ಆ ಹೊಲಗಳಲ್ಲಿ ಹತ್ತಿ ಬಿಡಿಸಲು ಬರುತ್ತಿದ್ದವರು ದಾರ್ಫುರ್ ಮತ್ತು ಅದಕ್ಕೂ ಪಶ್ಚಿಮದ ಬಡವರು. ಅವರು ‘ಕಂಬೋ’ ಎಂಬ ಕಾಲೋನಿಗಳಲ್ಲಿ ತಲೆಮಾರುಗಟ್ಟಲೆ ಉಳಿದರೂ ಜಮೀನಿನ ಹಕ್ಕು ಸಿಗಲಿಲ್ಲ. 2025ರ ಜನವರಿಯಲ್ಲಿ ಸೇನೆ ಗೆಜಿರಾದ ಮುಖ್ಯ ನಗರ ವಾದ್ ಮದನಿಯನ್ನು ಮರಳಿ ಗೆದ್ದಾಗ, ಅರೆಸೇನಾ ಪಡೆಗೆ ನೆರವಾದರೆಂಬ ಆಪಾದನೆ ಹೊರಿಸಿ ಇದೇ ಕಂಬೋ ಜನರನ್ನು ಕೊಂದ ವರದಿಗಳು ಬಂದವು. ಗೆಜಿರಾ ಯೋಜನೆಯ ಕೂಲಿ ಚರಿತ್ರೆ ಗೊತ್ತಿಲ್ಲದಿದ್ದರೆ ಆ ಸುದ್ದಿ ‘ಸೇಡಿನ ಹತ್ಯೆ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ.

ಇನ್ನು ದಾರ್ಫುರ್. ಕರ್ನಾಟಕದ ಎರಡೂವರೆ ಪಟ್ಟು ವಿಸ್ತಾರದ ಈ ಸೀಮೆ 1916ರವರೆಗೂ ಅಲಿ ದಿನಾರ್ ಎಂಬ ಸುಲ್ತಾನನ ಆಳ್ವಿಕೆಯಲ್ಲಿತ್ತು, ಎಲ್ ಫಶೇರ್ ಅವನ ರಾಜಧಾನಿ. ಬ್ರಿಟಿಷರು ಅವನನ್ನು ಕೊಂದು ದಾರ್ಫುರ್ ಅನ್ನು ಸುಡಾನಿಗೆ ಸೇರಿಸಿದ ಮೇಲೆ ಅಲ್ಲಿ ಶಾಲೆ, ರಸ್ತೆಗಳಿಗೆ ಮಾಡಿದ ಖರ್ಚು ಅತ್ಯಲ್ಪ. ಬದಲಿಗೆ ಕುಲದ ಮುಖ್ಯಸ್ಥರ ಮೂಲಕ ಆಳುವ ಪದ್ಧತಿ ತಂದರು. ಒಂದೊಂದು ಕುಲಕ್ಕೆ ‘ದಾರ್’ ಎಂಬ ನೆಲೆ ಗುರುತಾಯಿತು. ಯಾರಿಗೆ ದಾರ್ ಇದೆಯೋ ಅವರ ಮುಖ್ಯಸ್ಥನಿಗೆ ನ್ಯಾಯ ಹೇಳುವ, ಜಮೀನು ಹಂಚುವ ಅಧಿಕಾರ. ರಿಝೈಗಾತ್ ಎಂಬ ಅರಬ್ ಕುಲದಲ್ಲಿ ದಕ್ಷಿಣ ದಾರ್ಫುರ್‌ನ ದನಗಾಹಿಗಳಿಗೆ ದೊಡ್ಡ ದಾರ್ ಸಿಕ್ಕಿತು. ಉತ್ತರದ ಒಂಟೆ ಸಾಕುವ ರಿಝೈಗಾತ್‌ಗಳು ವರ್ಷವಿಡೀ ಅಲೆಯುವವರು, ಅವರಿಗೆ ಅಂಥದ್ದು ದಕ್ಕಲಿಲ್ಲ. ಮಳೆ ಚೆನ್ನಾಗಿದ್ದ ಕಾಲದಲ್ಲಿ ಇದು ತೊಡಕಾಗಲಿಲ್ಲ. ಸುಗ್ಗಿಯ ನಂತರ ಒಂಟೆಗಳು ರೈತರ ಹೊಲದಲ್ಲಿ ಮೇಯುವುದಕ್ಕೆ ಒಪ್ಪಂದಗಳಿದ್ದವು. 1984–85ರ ಭೀಕರ ಬರದಲ್ಲಿ ಆ ಒಪ್ಪಂದಗಳು ಮುರಿದುಬಿದ್ದವು. ಪಕ್ಕದ ಚಾಡ್ ದೇಶದ ಯುದ್ಧದಿಂದ, ಲಿಬಿಯಾದಿಂದ ಅಗ್ಗದ ಬಂದೂಕುಗಳು ಹರಿದು ಬಂದವು. 1987ರಿಂದ 89ರವರೆಗೆ ಫುರ್ ರೈತರಿಗೂ ಅರಬ್ ಪಶುಪಾಲಕರಿಗೂ ಯುದ್ಧವೇ ನಡೆಯಿತು. ಹೆಮೆತಿ, ಅಂದರೆ ಮುಹಮ್ಮದ್ ಹಮ್ದಾನ್ ದಗಲೋ, ಈ ನೆಲೆಯಿಲ್ಲದ ಒಂಟೆಗಾಹಿಗಳ ಪೈಕಿಯವನು.

ದಕ್ಷಿಣ ಸುಡಾನಿನ ಬಂಡಾಯವನ್ನು ಹತ್ತಿಕ್ಕಲು 1980ರ ದಶಕದ ನಡುವಿನಲ್ಲಿ ಖಾರ್ತೂಮ್ ಬಕ್ಕಾರ ಯುವಕರಿಗೆ ಶಸ್ತ್ರ ಕೊಟ್ಟು ‘ಮುರಾಹಲೀನ್’ ಪಡೆಗಳನ್ನು ದಕ್ಷಿಣದ ದಿಂಕಾ ಜನರ ಹಳ್ಳಿಗಳ ಮೇಲೆ ಬಿಟ್ಟಿತ್ತು. ಸಂಬಳ ಕೊಡುವ ಗೋಜಿರಲಿಲ್ಲ, ಲೂಟಿಯೇ ಕೂಲಿ. ಇದನ್ನು ಮಾಡಿದ್ದು ಬರೀ ಸರ್ವಾಧಿಕಾರಿಗಳಲ್ಲ, 1986ರಲ್ಲಿ ಚುನಾಯಿತರಾದ ಸಾದಿಕ್ ಅಲ್-ಮಹ್ದಿಯವರ ಸರ್ಕಾರವೂ ಅದನ್ನು ಮುಂದುವರಿಸಿತು. ಹೀಗಾಗಿ 2003ರಲ್ಲಿ ದಾರ್ಫುರ್‌ನ ಬಂಡುಕೋರರು ಎಲ್ ಫಶೇರ್ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿ ವಿಮಾನಗಳನ್ನು ಸುಟ್ಟಾಗ, ಅಧ್ಯಕ್ಷ ಬಶೀರ್ ಕೈಗೆತ್ತಿಕೊಂಡ ಆಯುಧ ಹೊಸದೇನಲ್ಲ: ಜಂಜವೀದ್ ಎಂಬ ಅರಬ್ ಕುಲಗಳ ಸಶಸ್ತ್ರ ಗುಂಪುಗಳು. ಸೇನೆಯ ಸಾಮಾನ್ಯ ಸೈನಿಕರಲ್ಲಿ ದಾರ್ಫುರ್‌ನವರೇ ಬಹಳವಿದ್ದುದರಿಂದ ಅವರನ್ನು ಅವರ ಊರಿನ ಮೇಲೆಯೇ ಬಿಡುವಂತಿರಲಿಲ್ಲ ಎಂಬುದೂ ಒಂದು ಕಾರಣ. ವಿಶ್ವಸಂಸ್ಥೆಯ ಅಂದಾಜಿನಂತೆ ಆ ಯುದ್ಧದಲ್ಲಿ ಸುಮಾರು ಮೂರು ಲಕ್ಷ ಜನ ಸತ್ತರು.

2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ತೈಲದ ಮುಕ್ಕಾಲು ಭಾಗ ಅತ್ತ ಹೋಯಿತು. ಬೊಕ್ಕಸ ಬರಿದಾದ ಹೊತ್ತಿನಲ್ಲೇ, 2012ರಲ್ಲಿ, ಉತ್ತರ ದಾರ್ಫುರ್‌ನ ಜಬಲ್ ಆಮಿರ್‌ನಲ್ಲಿ ಚಿನ್ನ ಸಿಕ್ಕಿತು. 2013ರಲ್ಲಿ ಜಂಜವೀದ್‌ಗಳ ಒಂದು ಪಾಲನ್ನು ‘ಕ್ಷಿಪ್ರ ಬೆಂಬಲ ಪಡೆ’ ಎಂದು ಹೆಸರಿಸಿ ಹೆಮೆತಿಗೆ ಒಪ್ಪಿಸಲಾಯಿತು. 2017ರಲ್ಲಿ ಅದಕ್ಕೆ ಕಾನೂನಿನ ಮುದ್ರೆಯೂ ಬಿತ್ತು. ತನ್ನ ಸೇನೆಯೇ ತನ್ನನ್ನು ಕೆಳಗಿಳಿಸಬಹುದೆಂದು ಹೆದರಿದ ಅಧ್ಯಕ್ಷನಿಗೆ ಸೇನೆಗೆ ಎದುರಾಗಿ ನಿಲ್ಲಬಲ್ಲ ಇನ್ನೊಂದು ಪಡೆ ಬೇಕಿತ್ತು. ‘ನೇರಮಾತು’ ಅವರ ಚಿನ್ನದ ಲೆಕ್ಕ ಇಲ್ಲಿಂದ ಶುರುವಾಗುತ್ತದೆ, ಇದಕ್ಕಿಂತ ಮುಂಚೆ ಅಲ್ಲ.

ಕರಾವಳಿ ಕಾಗದ

ಮೇಷ್ಟ್ರೇ, ವಿವರಕ್ಕೆ ಧನ್ಯವಾದಗಳು. ಒಂದು ಮಾತು ಸೇರಿಸಲು ಇಚ್ಛಿಸುತ್ತೇನೆ. ದಾರ್ಫುರ್ ಎಂದೊಡನೆ ‘ಅರಬರು ಮತ್ತು ಆಫ್ರಿಕನ್ನರು’ ಎಂದು ಎರಡು ಖಾನೆ ಬರೆಯುವುದು ರೂಢಿಯಾಗಿದೆ. ಆದರೆ ಎರಡೂ ಕಡೆಯವರು ಮುಸ್ಲಿಮರು, ಎರಡೂ ಕಡೆ ಅರಬಿ ಬಲ್ಲವರು. ಹೊರಗಿನಿಂದ ನೋಡುವವನಿಗೆ ಮುಖ ನೋಡಿ ಗುರುತು ಹಿಡಿಯುವುದೂ ಕಷ್ಟ. ದನ ಹೆಚ್ಚಾದ ಫುರ್ ರೈತನೊಬ್ಬ ಅಲೆಮಾರಿಯಾಗಿ ಬಕ್ಕಾರನೆನಿಸಿಕೊಳ್ಳುವುದು ಹಿಂದೆ ನಡೆಯುತ್ತಿತ್ತು. ಆ ಹೊರಳುವಿಕೆಯನ್ನು ಗಟ್ಟಿಗೊಳಿಸಿದ್ದು ಮೊದಲು ವಸಾಹತು ಆಡಳಿತದ ಕುಲವಾರು ನೆಲೆಗಳು, ಆಮೇಲೆ ಕುಲವಾರು ಹಂಚಿದ ಬಂದೂಕುಗಳು. ಹಾಗೆಂದು ಈ ಹೆಸರುಗಳು ಸುಳ್ಳು ಎನ್ನುವಂತೆಯೂ ಇಲ್ಲ: 2023ರಲ್ಲಿ ಪಶ್ಚಿಮ ದಾರ್ಫುರ್‌ನ ಎಲ್ ಜಿನೇನಾ ನಗರದಲ್ಲಿ ಮಸಾಲೀತ್ ಕುಲದವರೆಂಬ ಒಂದೇ ಕಾರಣಕ್ಕೆ ಸಾವಿರಾರು ಜನರನ್ನು ಕೊಂದರು. ವಿಶ್ವಸಂಸ್ಥೆಯ ತಜ್ಞರ ತಂಡ ಉಲ್ಲೇಖಿಸಿದ ಅಂದಾಜು ಹತ್ತರಿಂದ ಹದಿನೈದು ಸಾವಿರ.

ಭಾರತೀಯ ಓದುಗರಿಗೆ ಕುತೂಹಲ ಹುಟ್ಟಿಸಬಹುದಾದ ಒಂದು ಸಂಗತಿ: 1953ರಲ್ಲಿ ಸುಡಾನಿನ ಮೊದಲ ಸಂಸತ್ ಚುನಾವಣೆಯನ್ನು ನಡೆಸಿದ ಆಯೋಗದ ಅಧ್ಯಕ್ಷರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್. ಚುನಾವಣೆ ಚೆನ್ನಾಗಿಯೇ ನಡೆಯಿತು. ಮರುವರ್ಷ ಬ್ರಿಟಿಷರು ತೆರವು ಮಾಡಿದ ಸುಮಾರು 800 ಹುದ್ದೆಗಳನ್ನು ಸುಡಾನಿಗಳಿಗೆ ಹಂಚುವಾಗ ದಕ್ಷಿಣದವರಿಗೆ ಸಿಕ್ಕದ್ದು ಹತ್ತಕ್ಕಿಂತ ಕಡಿಮೆ. 1955ರ ಆಗಸ್ಟ್‌ನಲ್ಲಿ ತೊರಿತ್‌ನಲ್ಲಿ ದಕ್ಷಿಣದ ಸೈನಿಕರು ಬಂಡೆದ್ದರು, ಅಂದರೆ 1956ರ ಜನವರಿ 1ರಂದು ಬಂದ ಸ್ವಾತಂತ್ರ್ಯಕ್ಕಿಂತ ಮೊದಲೇ ಅಂತರ್ಯುದ್ಧ ಆರಂಭವಾಗಿತ್ತು.

ನೇರಮಾತು

ಓದಿದೆ, ಹಲವು ವಿಷಯಗಳು ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ಹೀಗೆ 1821ರಿಂದ ನೇರ ಗೆರೆ ಎಳೆದು 2023ಕ್ಕೆ ತಂದು ನಿಲ್ಲಿಸಿದರೆ, ಇವತ್ತು ಕೊಲ್ಲುತ್ತಿರುವವರ ಹೊಣೆ ತೆಳ್ಳಗಾಗುವುದಿಲ್ಲವೇ? ಬ್ರಿಟಿಷರು ಹೋಗಿ ಎಪ್ಪತ್ತು ವರ್ಷಗಳಾದವು. ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟಿ ಸುಡಾನಿನ ನಾಯಕರು ಕೈ ತೊಳೆದುಕೊಳ್ಳಲು ಚರಿತ್ರೆ ನೆರವಾಗುತ್ತದೆ ಎಂಬ ಅನುಮಾನ ನನ್ನದು. ಅದಲ್ಲದೆ, ಎಲ್ಲವೂ ಮೊದಲೇ ತೀರ್ಮಾನವಾಗಿತ್ತು ಎನ್ನುವುದಾದರೆ ಅಲ್ಲಿಯ ಜನರಿಗೆ ಬೇರೆ ದಾರಿಯೇ ಇರಲಿಲ್ಲ ಎಂದಾಗುತ್ತದೆ.

ಜೋಳದ ಹೊಲ

‘ನೇರಮಾತು’ ಅವರ ಎರಡನೆಯ ಪ್ರಶ್ನೆ ಒಳ್ಳೆಯದು. ಬೇರೆ ದಾರಿ ಇತ್ತು, ಮತ್ತು ಅದಕ್ಕೂ ಒಂದು ಚರಿತ್ರೆ ಇದೆ. ಯುದ್ಧದ ಸುದ್ದಿಗಳಲ್ಲಿ ಅದು ಕಾಣುವುದೇ ಇಲ್ಲ ಎಂಬುದು ನನ್ನ ಬೇಸರ.

ಸುಡಾನಿನ ಜನ ಬಂದೂಕಿಲ್ಲದೆ ಸೇನಾಡಳಿತವನ್ನು ಉರುಳಿಸಿದ್ದು ಒಂದು ಸಲವಲ್ಲ. 1964ರ ಅಕ್ಟೋಬರ್‌ನಲ್ಲಿ ಖಾರ್ತೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದ ನಂತರ ಎದ್ದ ಸಾರ್ವತ್ರಿಕ ಮುಷ್ಕರ ಜನರಲ್ ಅಬ್ಬೂದ್‌ರ ಆಳ್ವಿಕೆಯನ್ನು ಕೊನೆಗಾಣಿಸಿತು. 1985ರ ಏಪ್ರಿಲ್ 6ರಂದು, ವೈದ್ಯರು, ವಕೀಲರು, ಕಾರ್ಮಿಕರ ಮುಷ್ಕರದ ನಡುವೆ ಸೇನಾಡಳಿತಗಾರ ನುಮೈರಿ ಪದಚ್ಯುತರಾದರು. 2018ರ ಡಿಸೆಂಬರ್‌ನಲ್ಲಿ ರೊಟ್ಟಿಯ ಬೆಲೆ ಏರಿದಾಗ ದೊಡ್ಡ ಪ್ರತಿಭಟನೆ ಹೊತ್ತಿಕೊಂಡದ್ದು ಅತ್ಬರಾದಲ್ಲಿ. ಅತ್ಬರಾ ಯಾಕೆ ಎಂದು ಕೇಳಿದರೆ ಉತ್ತರ ಮೇಷ್ಟ್ರು ಬರೆದ ರೈಲ್ವೆಯಲ್ಲಿದೆ: ವಸಾಹತು ಕಾಲದ ರೈಲ್ವೆ ಕಾರ್ಮಿಕ ಸಂಘಟನೆಯ ತವರು ಅದು. ನಂತರ ಖಾರ್ತೂಮ್‌ನಲ್ಲಿ ಸೇನಾ ಕಚೇರಿಯ ಮುಂದೆ ಧರಣಿ ಕೂರಲು ಚಳವಳಿಗಾರರು ಆರಿಸಿಕೊಂಡ ದಿನ 2019ರ ಏಪ್ರಿಲ್ 6. ಆ ತಾರೀಖು ಕಾಕತಾಳೀಯವಲ್ಲ, 1985ನ್ನು ನೆನಪಿಟ್ಟುಕೊಂಡೇ ಅವರು ಬಂದಿದ್ದರು. ಐದೇ ದಿನಗಳಲ್ಲಿ, ಮೂವತ್ತು ವರ್ಷ ಆಳಿದ ಬಶೀರ್ ಹೋದರು. ತಮ್ಮ ಚರಿತ್ರೆಯನ್ನು ಓದಿಕೊಂಡವರು ಹಿಂದಿನ ಎರಡು ಸೋಲಿನಿಂದಲೂ ಪಾಠ ಕಲಿತಿದ್ದರು. 1964 ಮತ್ತು 1985ರಲ್ಲಿ ಗೆದ್ದು ಮನೆಗೆ ಹೋದ ಕೆಲವೇ ವರ್ಷಗಳಲ್ಲಿ ಸೇನೆ ಮರಳಿತ್ತಾದ್ದರಿಂದ ಈ ಬಾರಿ ಬಶೀರ್ ಹೋದ ಮೇಲೂ ಧರಣಿ ಬಿಟ್ಟೇಳಲಿಲ್ಲ. ಜೂನ್ 3ರ ಬೆಳಗ್ಗೆ ಆ ಧರಣಿಯ ಮೇಲೆ ದಾಳಿ ನಡೆದು ನೂರಕ್ಕೂ ಹೆಚ್ಚು ಜನ ಸತ್ತರು. ದಾಳಿಯ ಮುಂಚೂಣಿಯಲ್ಲಿದ್ದದ್ದು ಕ್ಷಿಪ್ರ ಬೆಂಬಲ ಪಡೆ. ದಾರ್ಫುರ್‌ನ ಹಳ್ಳಿಗಳಲ್ಲಿ ನಡೆಯುತ್ತಿದ್ದುದನ್ನು ರಾಜಧಾನಿ ತನ್ನ ಕಣ್ಣಾರೆ ನೋಡಿದ್ದು ಅಂದು.

ಹೊಣೆಯ ವಿಚಾರ: 2021ರ ಅಕ್ಟೋಬರ್ 25ರಂದು ನಾಗರಿಕ ಸರ್ಕಾರವನ್ನು ಕಿತ್ತೊಗೆದದ್ದು ಬುರ್ಹಾನ್, ಜೊತೆಗೆ ನಿಂತದ್ದು ಹೆಮೆತಿ. ಆ ನಿರ್ಧಾರವನ್ನು ಕಿಚನರ್ ತೆಗೆದುಕೊಳ್ಳಲಿಲ್ಲ. ಅಧಿಕಾರವನ್ನು ನಾಗರಿಕರಿಗೆ ಮರಳಿಸುವ 2022ರ ಡಿಸೆಂಬರ್‌ನ ಚೌಕಟ್ಟು ಒಪ್ಪಂದದ ನಂತರ ಅರೆಸೇನಾ ಪಡೆಯನ್ನು ಎರಡು ವರ್ಷದೊಳಗೆ ಸೇನೆಯಲ್ಲಿ ವಿಲೀನಗೊಳಿಸಬೇಕೆಂದು ಸೇನೆ, ಹತ್ತು ವರ್ಷ ಬೇಕೆಂದು ಹೆಮೆತಿ ಪಟ್ಟು ಹಿಡಿದರು. 2023ರ ಏಪ್ರಿಲ್ 15ರಂದು ಗುಂಡು ಹಾರಿತು. ಚರಿತ್ರೆ ಅವರ ಕೈಗೆ ಬಂದೂಕು ಎಲ್ಲಿಂದ ಬಂತೆಂದು ಹೇಳುತ್ತದೆ, ಕುದುರೆ ಎಳೆದ ಬೆರಳು ಅವರದೇ.

ಇನ್ನೊಂದು ವಿಷಯ. ಇಂದು ಆಸ್ಪತ್ರೆ, ಅಂಗಡಿ ಮುಚ್ಚಿದ ಊರುಗಳಲ್ಲಿ ಗಂಜಿ ಕೇಂದ್ರ ನಡೆಸುತ್ತಿರುವ ‘ತುರ್ತು ಕೋಣೆ’ಗಳು ಆ 2018–19ರ ಮೊಹಲ್ಲಾ ಸಮಿತಿಗಳಿಂದ ಬೆಳೆದವು. ಅವುಗಳ ಬೇರು ‘ನಫೀರ್’ ಎಂಬ ಹಳೆಯ ಪದ್ಧತಿಯಲ್ಲಿದೆ: ಊರಿನವರೆಲ್ಲ ಸೇರಿ ಒಬ್ಬನ ಕೊಯಿಲನ್ನೋ ಮನೆಯನ್ನೋ ಮುಗಿಸಿಕೊಡುವುದು. ನಮ್ಮ ಕಡೆ ಮುಯ್ಯಾಳು ಎಂದರೆ ಏನೆಂದು ತಿಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹುಣಸೂರು ರಸ್ತೆ

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ಬರಹವನ್ನು ಓದಿದ ಮೇಲೆ ಒಂದು ಗೊಂದಲ ಉಳಿದಿದೆ. 2003ರ ಜಂಜವೀದ್‌ಗಳ ಅತ್ಯಂತ ಕುಖ್ಯಾತ ನಾಯಕ ಮೂಸಾ ಹಿಲಾಲ್, ಅವನೂ ಉತ್ತರದ ರಿಝೈಗಾತ್‌ನವನೇ. ಆದರೆ 2024ರಲ್ಲಿ ಅವನು ಸೇನೆಯನ್ನು ಬೆಂಬಲಿಸುವುದಾಗಿ ಘೋಷಿಸಿದನೆಂದು ಎಲ್ಲೋ ಓದಿದೆ. ದಾರ್ ಇಲ್ಲದ ಒಂಟೆಗಾಹಿಗಳ ಆಕ್ರೋಶ ಎಂಬ ವಿವರಣೆ ಸರಿಯಾದರೆ ಅವನು ಹೆಮೆತಿಯ ಜೊತೆಯಲ್ಲಿರಬೇಕಿತ್ತಲ್ಲವೇ?

ಇತಿಹಾಸದ ಮೇಷ್ಟ್ರು

ನೀವು ಓದಿದ್ದು ನಿಜ, ಮತ್ತು ಈ ಪ್ರಶ್ನೆ ನನ್ನ ವಿವರಣೆಯ ಸಡಿಲ ಜಾಗವನ್ನೇ ಹಿಡಿದಿದೆ. ಕುಲ ಎಂಬ ಒಂದೇ ಪದದೊಳಗೆ ಹಲವು ಕವಲುಗಳಿವೆ. ಮೂಸಾ ಹಿಲಾಲ್ ಮಹಾಮೀದ್ ಕವಲಿನವನು, ತಂದೆಯ ಕಾಲದಿಂದ ಶೇಖ್ ಮನೆತನ. ಹೆಮೆತಿ ಮಹರಿಯ್ಯಾ ಕವಲಿನವನು, ಹೇಳಿಕೊಳ್ಳುವಂಥ ಪಟ್ಟವಿಲ್ಲದ ಮನೆಯವನು. ಹಳೆಯ ಶೇಖ್‌ಗಿರಿಯ ಲೆಕ್ಕದಲ್ಲಿ ಅವನು ಹಿಲಾಲ್‌ಗಿಂತ ಬಹಳ ಕೆಳಗಿನವನು. 2003ರಲ್ಲಿ ಖಾರ್ತೂಮ್‌ಗೆ ಹಿಲಾಲ್ ಬೇಕಿತ್ತು. ಆತ ಮುನಿಸಿಕೊಂಡು 2013ರ ನಂತರ ದೂರವಾದಾಗ ಅವನ ಜಾಗಕ್ಕೆ ಬಶೀರ್ ತಂದದ್ದು ಹೆಮೆತಿಯನ್ನು. ಜಬಲ್ ಆಮಿರ್‌ನ ಚಿನ್ನದ ಗಣಿಗಳು ಆಗ ಹಿಲಾಲ್‌ನ ಹಿಡಿತದಲ್ಲಿದ್ದವು. 2017ರ ನವೆಂಬರ್‌ನಲ್ಲಿ ಹೆಮೆತಿಯ ಪಡೆ ಹಿಲಾಲ್‌ನನ್ನು ಬಂಧಿಸಿ ಖಾರ್ತೂಮ್‌ಗೆ ಸಾಗಿಸಿತು, ಗಣಿ ಹೆಮೆತಿಯ ಕುಟುಂಬದ ಪಾಲಾಯಿತು. ಹಿಲಾಲ್ ಹೊರಬಂದದ್ದು 2021ರ ಮಾರ್ಚ್‌ನಲ್ಲಿ.

ಒಂದು ಕಾಲಕ್ಕೆ ತಾನೇ ಸಾಕಿ, ಆಮೇಲೆ ತಾನೇ ಜೈಲಿಗೆ ತಳ್ಳಿದ ಶೇಖ್‌ನ ಬೆಂಬಲವನ್ನು ಖಾರ್ತೂಮ್‌ನ ಸೇನೆ ಈಗ ಮತ್ತೆ ಸ್ವೀಕರಿಸಿದೆ.